ಹೇಸಿಗಿ ಅನ್ನಲು ಅಧಿಕಾರವಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿದ್ದ ನಮ್ಮ ಬಳಗದ ಪುಟಕ್ಕೆ ಹಾಕಿದವನು ನಾನೇ. ಅರ್ಧ ಗಂಟೆಯೊಳಗೆ ಮೊದಲ ಸಂತಾಪ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. 'ಥೂ, ಎಂಥಾ ಹೇಸಿಗಿ ಮನುಷ್ಯ ಹೋಗಿಬಿಟ್ಟ' ಎಂದಿತ್ತು. ಅದರ ಕೆಳಗೆ ಇನ್ನೊಬ್ಬ, 'ಹೊಲಸು ಲೆಜೆಂಡ್' ಎಂದಿದ್ದ. ಮೂರನೆಯವನು ಮಾತು ಬೆಳೆಸಲಿಲ್ಲ. ಬರೀ 'ಥೂ' ಎಂದು ಬರೆದು, ಅದರ ಬಾಲಕ್ಕೆ ಇಂಗ್ಲಿಷಿನ ಓ ಅಕ್ಷರವನ್ನು ಸಾಲು ಮುಗಿಯುವವರೆಗೂ ಒತ್ತಿ ಹಿಡಿದಿದ್ದ. ಅಷ್ಟು ದುಃಖ.

ಹೊರಗಿನವರು ಇದನ್ನು ಓದಿದ್ದರೆ, ಸತ್ತವರು ಊರ ಬಾವಿಗೆ ವಿಷ ಹಾಕಿ ಓಡಿಹೋದವರಿರಬೇಕು ಎಂದುಕೊಳ್ಳುತ್ತಿದ್ದರು. ಆದರೆ ಇವು ನಮ್ಮ ಬಳಗ ಕೊಡಬಹುದಾಗಿದ್ದ ಅತ್ಯುನ್ನತ ಪುರಸ್ಕಾರಗಳು. ಸರಕಾರ ಶಾಲು ಹೊದಿಸಿ ಹಾರ ಹಾಕುತ್ತದೆ. ನಮ್ಮ ಬಳಗ ಥೂ ಅನ್ನುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ ಎಂಬುದನ್ನು ನಾನು ತೀರ್ಮಾನಿಸಲಾರೆ.

ಸತ್ತವರು ಆರೋಗ್ಯ ನಿರೀಕ್ಷಕರು. ಜನರ ಬಾಯಲ್ಲಿ ಇನ್‌ಸ್ಪೆಕ್ಟ್ರು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಎಂದು ಸುತ್ತಿ, ಕಡೆಗೆ ಕೊಟ್ಟೂರಿನಲ್ಲಿ ಮನೆ ಕಟ್ಟಿಕೊಂಡು ನಿವೃತ್ತರಾದವರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಅದನ್ನು ಮತ್ತೆ ಆ ಪುಟಕ್ಕೆ ಒಯ್ಯುತ್ತಾರೆ, ಅಲ್ಲಿ ಅದಕ್ಕೆ ಸಿಗುವ ಮರ್ಯಾದೆಯನ್ನು ಈಗಾಗಲೇ ನೋಡಿದ್ದೀರಿ.

ಆಳು ಕುಳ್ಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಎದೆ ಜೇಬಿನಲ್ಲಿ ಮಡಿಚಿದ ಕರವಸ್ತ್ರ, ಹೆಗಲ ಚೀಲದಲ್ಲಿ ಸ್ವಂತದ ಸ್ಟೀಲ್ ಲೋಟ. ಯಾರ ಮನೆಗೆ ಹೋದರೂ ಆ ಲೋಟ ತೆಗೆದು ಮುಂದಿಡುತ್ತಿದ್ದರು. ಮನೆಯವರಿಗೆ ಅವಮಾನ ಆಗುತ್ತದೆ ಎಂಬ ಸಣ್ಣ ಸಂಗತಿ ಅವರ ಮನಸ್ಸಿಗೆ ಬಂದದ್ದೇ ಇಲ್ಲ. ಕರವಸ್ತ್ರವನ್ನು ಮಾತ್ರ ಎಂದೂ ಮೂಗಿಗೆ ಹಿಡಿದವರಲ್ಲ. ಗಟಾರದ ಮುಂದೆ ನಿಂತರೂ, ಮೀನಿನ ಸಂತೆಯಲ್ಲಿ ನಿಂತರೂ, ಮೂಗು ಬಿಚ್ಚಿಕೊಂಡೇ ನಿಲ್ಲುವುದು. 'ಮೂಗು ಮುಚ್ಚಿಗೊಂಡು ನೋಡಾಕ ನಾನೇನು ಮಂತ್ರೀನ?' ಎನ್ನುತ್ತಿದ್ದರು.

ಅವರ ವೃತ್ತಿಗೆ ಮೂರು ಶಬ್ದಗಳು ಸಾಕಾಗಿದ್ದವು. ಗಲೀಜು, ಹೊಲಸು, ಹೇಸಿಗಿ. ಇವುಗಳನ್ನು ನಾವು ನೀವು ಬಾಯಿಗೆ ಬಂದಂತೆ ಬಳಸುತ್ತೇವೆ. ಅವರು ದಂಡಸಂಹಿತೆಯ ಕಲಮುಗಳ ಹಾಗೆ ಬಳಸುತ್ತಿದ್ದರು. ಗಲೀಜು ಅಂದರೆ ತೊಳೆದರೆ ಹೋಗುವಂಥದ್ದು. ಹೊಲಸು ಅಂದರೆ ತೊಳೆದರೆ ಹೋಗದ, ಎತ್ತಿ ಚೆಲ್ಲಬೇಕಾದಂಥದ್ದು. ಹೇಸಿಗಿ ಪಾತ್ರೆಗೆ ಅನ್ವಯಿಸುತ್ತಿರಲಿಲ್ಲ, ಮನುಷ್ಯನಿಗೇ ಅನ್ವಯಿಸುತ್ತಿತ್ತು. ಗೊತ್ತಿದ್ದೂ ಬಡಿಸಿದವನಿಗೆ. ಇಡೀ ಸೇವೆಯಲ್ಲಿ ಆ ಮೂರನೆಯ ಶಬ್ದವನ್ನು ಅವರು ಬೆರಳೆಣಿಕೆಯ ಸಲ ಹೊರತೆಗೆದಿರಬಹುದು. ತೆಗೆದಲ್ಲೆಲ್ಲ ಒಂದು ಅಂಗಡಿಯ ಬಾಗಿಲು ಹಾಕಿದೆ.

ಎರಡನೆಯ ಶಬ್ದದ ಪ್ರಯೋಗವನ್ನು ಹಡಗಲಿಯ ಒಂದು ಖಾನಾವಳಿಯಲ್ಲಿ ನಾನೇ ಕಣ್ಣಾರೆ ನೋಡಿದೆ. ಆಗ ಕೊಟ್ಟೂರಿನಲ್ಲಿ ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಪರೀಕ್ಷೆಯ ಕೆಲಸಕ್ಕೆ ಹಡಗಲಿಗೆ ಹೋಗಿ ಊಟಕ್ಕೆ ಕೂತಿದ್ದೆ. ಇವರು ಒಳಗೆ ಬಂದರು. ಗಲ್ಲಾಪೆಟ್ಟಿಗೆಯ ಮುಂದಿದ್ದ ಯಜಮಾನ ಎದ್ದು ನಿಂತು, 'ಬರ್ರಿ ಸಾಹೇಬ್ರ, ಏನು ತಗೋತೀರಿ?' ಎಂದ. ಇವರು ಉತ್ತರ ಕೊಡದೆ ಅಡುಗೆಮನೆಗೆ ನಡೆದರು. ಒಂದೊಂದೇ ಮುಚ್ಚಳ ಎತ್ತಿದ ಸದ್ದು ಕೇಳುತ್ತಿತ್ತು. ನಾಲ್ಕನೆಯ ಮುಚ್ಚಳದ ಸದ್ದಾದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

ಹೊರಗೆ ಬಂದು, 'ಪಲ್ಯ ಹೊಲಸು ಐತಿ' ಎಂದರು. ಅಷ್ಟೇ. ದನಿ ಏರಿಸಲಿಲ್ಲ. ಯಜಮಾನ ಎರಡೂ ಕೈಯಲ್ಲಿ ಪಾತ್ರೆ ಎತ್ತಿ ತಂದು ಎಲ್ಲರ ಎದುರಿಗೆ ಚರಂಡಿಗೆ ಸುರಿದ. ನನ್ನ ಎಲೆಯ ಮೇಲೂ ಅದೇ ಪಲ್ಯ ಇತ್ತು, ಅರ್ಧ ಮುಗಿದಿತ್ತು. ಆ ಬಗ್ಗೆ ಇಲಾಖೆ ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ.

ಇಷ್ಟಾದರೆ ಇನ್‌ಸ್ಪೆಕ್ಟರುಗಳ ಸಾಮಾನ್ಯ ಕಥೆ. ಇವರದು ಇದಕ್ಕಿಂತ ಮುಂದಕ್ಕೆ ಹೋಗುತ್ತಿತ್ತು. ಮೂರನೆಯ ದಿನ ಅದೇ ಖಾನಾವಳಿಗೆ ತಿರುಗಿ ಬಂದು, ಮತ್ತೆ ಎಲ್ಲ ಮುಚ್ಚಳ ತೆಗೆದು ನೋಡಿ, ಚೊಕ್ಕಟ ಇದ್ದರೆ, ಮುಂದಿನ ಬೆಂಚಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. ನಿಧಾನವಾಗಿ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ. ಆಮೇಲೆ ಜನ ಒಳಗೆ ಬರುತ್ತಿದ್ದರು. 'ಇನ್‌ಸ್ಪೆಕ್ಟ್ರು ಉಂಡ್ರು' ಎಂದರೆ ಆ ಭಾಗದಲ್ಲಿ ಅದೇ ಲೈಸೆನ್ಸು.

'ಇದು ಯಾವ ರೂಲಿನಾಗ ಐತ್ರಿ?' ಎಂದು ಕೇಳಿದ್ದೆ.

'ರೂಲಿನಾಗ ಇಲ್ಲ. ನಾನು ಅಂದ ಮಾತು ನಾನೇ ತಗೀಬೇಕಲ್ಲ. ಮತ್ತ ಯಾರು ತಗೀತಾರ?'

ಇಂಥ ಮನುಷ್ಯರನ್ನು ದೂರದಿಂದ ಗೌರವಿಸುವುದು ಒಳ್ಳೆಯದು. ಹತ್ತಿರದಿಂದ ಅವರು ಅಸಹನೀಯ. ನನ್ನ ಮಗಳ ಮದುವೆಯಲ್ಲಿ ಬೀಗರೆಲ್ಲ ಪಂಕ್ತಿಯಲ್ಲಿ ಕೂತಾಗ ಇವರು ಅಡುಗೆ ಚಪ್ಪರದೊಳಗೆ ಹೋಗಿ ಮುಚ್ಚಳ ಎತ್ತಲು ಶುರು ಮಾಡಿದರು. ಬೀಗರಲ್ಲಿ ಒಬ್ಬರು ಕೈಯಲ್ಲಿದ್ದ ಹೋಳಿಗೆಯನ್ನು ಹಾಗೇ ಹಿಡಿದು ಕಾಯತೊಡಗಿದರು. ಪಂಕ್ತಿ ಪೂರ್ತಿ ನಿಂತುಹೋಯಿತು. ಇವರು ಹೊರಬಂದು ತಲೆಯಾಡಿಸಿದ ಮೇಲೆಯೇ ಮದುವೆ ಮುಂದುವರಿದದ್ದು. ತಾಳಿ ಕಟ್ಟುವುದನ್ನೂ ಜನ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಆ ಸಂಜೆ ನನ್ನ ಹೆಂಡತಿ, 'ಮುಂದಿನ ಮದಿವಿಗೆ ಆ ಮನುಷ್ಯಾನ್ನ ಕರದ್ರ ನಾ ತವರಿಗೆ ಹೋಗ್ತೀನಿ' ಎಂದಳು. ನಮಗೆ ಇನ್ನೊಬ್ಬ ಮಗಳು ಇರಲಿಲ್ಲವಾದ್ದರಿಂದ ಪ್ರಸಂಗ ಅಲ್ಲಿಗೇ ನಿಂತಿತು.

ಅವರು ನಿವೃತ್ತರಾಗುವ ಹೊತ್ತಿಗೆ ನನ್ನ ಟೈಪ್‌ರೈಟರುಗಳೂ ನಿವೃತ್ತವಾಗಿದ್ದವು. ಅವುಗಳ ಜಾಗದಲ್ಲಿ ಮೂರು ಕಂಪ್ಯೂಟರು ಇಟ್ಟು, ನಡುವೆ ಪ್ಲೈವುಡ್ ಹೊಡೆಸಿ, ಇಂಟರ್ನೆಟ್ ಸೆಂಟರ್ ಎಂದು ಬೋರ್ಡು ಬರೆಸಿದೆ. ಇವರು ದಿನಾ ಹತ್ತು ಗಂಟೆಗೆ ಬಂದು, ಕುರ್ಚಿ ಒರೆಸಿ, ಕೂತು, ಪೇಪರ್ ಓದಿ ಹೋಗುತ್ತಿದ್ದರು. ಕಂಪ್ಯೂಟರಿನ ಕೀಲಿಮಣೆಯನ್ನು ಒಮ್ಮೆ ತಲೆಕೆಳಗೆ ಮಾಡಿ ಕೊಡವಿ ನೋಡಿ, 'ಗಲೀಜು' ಎಂದು ತೀರ್ಪು ಕೊಟ್ಟಿದ್ದರು. ಸರಿಯಾದ ತೀರ್ಪು. ಮಂಡಕ್ಕಿ ಉದುರಿತ್ತು.

ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಒಂದು ತಾಣದಲ್ಲಿ ಗುಂಪು ಕಟ್ಟಿಕೊಂಡಿದ್ದರು. ಹೆಸರು ಮಿರ್ಚಿ-ಮಂಡಕ್ಕಿ ಬಳಗ. ಕಾಲೇಜು ಓದುವವರು, ಓದು ಬಿಟ್ಟವರು, ಊರೂರು ತಿರುಗುವ ಕೆಲಸದವರು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋದದ್ದು ಸರಿಯೋ ತಪ್ಪೋ ಎಂಬ ಗಹನ ವಿಚಾರದಿಂದ ಶುರುವಾದ ಬಳಗ, ಒಂದೇ ವರ್ಷದಲ್ಲಿ ಯಾವ ವಿಚಾರವೂ ಇಲ್ಲದ ಉನ್ನತ ಸ್ಥಿತಿಯನ್ನು ತಲುಪಿತ್ತು. ಅಲ್ಲಿ ಉಳಿದಿದ್ದದ್ದು ಫೋಟೋಗಳು, ಮತ್ತು ಥೂ.

ಒಂದು ಬೆಳಿಗ್ಗೆ ಅವರು ನನ್ನ ಹೆಗಲ ಹಿಂದೆ ನಿಂತು ಆ ಪುಟ ನೋಡಿದರು. ಯಾರೋ ಹೊಸ ಮೋಟಾರ್ ಸೈಕಲ್ಲಿನ ಫೋಟೋ ಹಾಕಿದ್ದ. ಕೆಳಗೆ ಒಬ್ಬ 'ಗಲೀಜು ಗಾಡಿ ಮಗಾ' ಎಂದಿದ್ದ, ಇನ್ನೊಬ್ಬ 'ಹೊಲಸು ಕಲರ್.'

'ಪಾಪ, ತೊಳಕೊಂಡು ಫೋಟೋ ತಗೀಬೇಕಿತ್ತು' ಎಂದರು ಇವರು.

'ಅಲ್ರಿ, ಚಲೋ ಐತಿ ಅಂತ ಅದರ ಅರ್ಥ.'

'ಯಾವುದರ ಅರ್ಥ?'

'ಗಲೀಜು ಅಂದ್ರ ಚಲೋ. ಹೊಲಸು ಅಂದ್ರ ಭಾಳ ಚಲೋ.'

ಅವರು ಕುರ್ಚಿ ಎಳೆದುಕೊಂಡು ಕೂತರು. 'ಹೇಸಿಗಿ?'

'ಅದಕ್ಕಿಂತ ಮ್ಯಾಲ ಏನೂ ಇಲ್ರಿ.'

'ಮತ್ತ ಖರೇನ ಹೇಸಿಗಿ ಇದ್ದದ್ದಕ್ಕ ಏನಂತಾರ?'

ಈ ಪ್ರಶ್ನೆಯನ್ನು ಬಳಗದ ಇತಿಹಾಸದಲ್ಲಿ ಯಾರೂ ಕೇಳಿದ್ದಿರಲಿಲ್ಲ. 'ಅದಕ್ಕ ನಗ್ತಾರ್ರಿ' ಎಂದೆ.

ಅವರು ಆ ಪುಟವನ್ನು ಮೇಲಿನಿಂದ ಮತ್ತೊಮ್ಮೆ ಓದಿದರು. ತಮ್ಮ ಮೂರು ಶಬ್ದಗಳನ್ನು ಯಾರೋ ಮನೆಯಿಂದ ಕದ್ದು ಸಂತೆಯಲ್ಲಿ ಆಟಿಕೆ ಮಾಡಿ ಮಾರುತ್ತಿರುವುದನ್ನು ಕಂಡವರ ಹಾಗೆ. ಆಮೇಲೆ, 'ಬರಕೋ' ಎಂದು ನನಗೆ ಹೇಳಿ ಬರೆಸಿದರು. ಗಲೀಜು, ಹೊಲಸು, ಹೇಸಿಗಿ ಎಂಬ ಶಬ್ದಗಳ ಮೂರು ದರ್ಜೆಗಳು, ಪ್ರತಿಯೊಂದರ ಲಕ್ಷಣ, ಅನ್ವಯಿಸುವ ಸಂದರ್ಭ, ಅನ್ವಯಿಸುವವನಿಗೆ ಇರಬೇಕಾದ ಅರ್ಹತೆ. ಮೊದಲ ಅರ್ಹತೆ, ಮುಚ್ಚಳ ತೆಗೆದು ನೋಡಿರಬೇಕು. ಎರಡನೆಯದು, ತಿರುಗಿ ಬಂದು ಉಣ್ಣುವವನಾಗಿರಬೇಕು. ಕೆಳಗೆ ತಮ್ಮ ಹೆಸರು, ಹುದ್ದೆ, ನಿವೃತ್ತ ಎಂಬ ಒಕ್ಕಣೆ.

ಪುಟಕ್ಕೆ ಹಾಕಿದ ಈ ಸುತ್ತೋಲೆಗೆ ಬಳಗ ಹೇಗೆ ಪ್ರತಿಕ್ರಿಯಿಸಿತು ಎಂದು ವಿವರಿಸಬೇಕಿಲ್ಲ. ಆ ದಿನ ಸಂಜೆಯೊಳಗೆ ಅವರು ನಮ್ಮ ಭಾಗದ ಅತ್ಯಂತ ಪ್ರಸಿದ್ಧ ವ್ಯಕ್ತಿ. 'ಥೂ ಸಾಹೇಬ್ರು' ಎಂಬ ಬಿರುದು ಬಂತು. ಓ ಅಕ್ಷರಗಳು ಪುಟದ ಅಂಚು ದಾಟಿದವು.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಮರುದಿನ ಹತ್ತಕ್ಕೆ ಬದಲು ಒಂಬತ್ತಕ್ಕೇ ಬಂದರು. 'ಏನಂದಾರ?' ಎಂದರು. ಅದರ ಮರುದಿನ ಇನ್ನೂ ಬೇಗ. ನಿವೃತ್ತನಾದ ಅಧಿಕಾರಿಗೆ ನಮಸ್ಕಾರ ಹೇಳುವವರು ಕಡಿಮೆ ಆಗಿರುತ್ತಾರೆ. ಥೂ ಅನ್ನುವವರಾದರೂ ಸಿಕ್ಕರಲ್ಲ ಎಂಬ ಸಂತೋಷ ಅವರ ಮುಖದ ಮೇಲೆ ಕಾಣುತ್ತಿತ್ತು. ಹುಡುಗರು ಫೋಟೋ ಹಾಕಿ, 'ಸಾಹೇಬ್ರ ತೀರ್ಪು ಕೊಡ್ರಿ' ಎಂದು ಕೇಳತೊಡಗಿದರು. ತಟ್ಟೆಯ ಫೋಟೋ, ಚಪ್ಪಲಿಯ ಫೋಟೋ, ಹಾಸ್ಟೆಲಿನ ಸಾರಿನ ಫೋಟೋ. ಇವರು ಕನ್ನಡಕ ಏರಿಸಿ, ಪರದೆಯ ಹತ್ತಿರ ಮುಖ ಒಯ್ದು, 'ಹೊಲಸು' ಎನ್ನುವುದು. ನಾನು ಒತ್ತುವುದು. ಆ ಕಡೆ ಹಬ್ಬ. ಮುಚ್ಚಳ ತೆಗೆಯದೆ ಒಂದು ಲೋಟ ನೀರು ಕುಡಿಯದ ಮನುಷ್ಯ ನನ್ನ ಕುರ್ಚಿಯಿಂದ ಏಳದೆ ಇಡೀ ಸೀಮೆಯ ಅಡುಗೆಗೆ ತೀರ್ಪು ಕೊಡತೊಡಗಿದರು. ನನ್ನ ಸೆಂಟರಿಗೂ ಜನ ಹೆಚ್ಚಾಯಿತು. ಆದ್ದರಿಂದ ನನಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ.

ಆಗ ಆ ಫೋಟೋ ಬಂತು. ಹಾಕಿದವನು ಬಳಗದಲ್ಲಿ ತನ್ನನ್ನು 'ಕೂಡ್ಲಿಗಿ ಕಿಂಗ್' ಎಂದು ಕರೆದುಕೊಳ್ಳುತ್ತಿದ್ದ. ಔಷಧಿ ಮಾರಲು ಬೈಕಿನ ಮೇಲೆ ಊರೂರು ತಿರುಗುವ ರಾಜ. ಕಾನಹೊಸಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಹುಲಿಗೆಮ್ಮ ಎಂಬ ಹೆಂಗಸಿನ ಇಡ್ಲಿ ಅಂಗಡಿ ಇತ್ತು. ಅದರ ಹಿಂಬದಿಯಲ್ಲಿ ತೆಗೆದ ಚಿತ್ರ. ಒಂದು ಬಕೆಟ್ಟು, ಅದರಲ್ಲಿ ಬೂದು ನೀರು, ನೀರಿನಲ್ಲಿ ತೇಲುವ ಇಡ್ಲಿ ಚೂರು, ಮೇಲೆ ನೊಣ. 'ಹುಲಿಗೆಮ್ಮನ ಸಾಂಬಾರು. ಸಾಹೇಬ್ರ, ತೀರ್ಪು.'

ಇವರು ನೋಡಿದರು. ಮುಖ ಗಂಟಿಕ್ಕಿತು. ಇದು ಆಟದ ಮುಖ ಅಲ್ಲ, ಹಡಗಲಿಯ ಖಾನಾವಳಿಯ ಮುಖ.

'ಹೇಸಿಗಿ' ಎಂದರು.

ನನ್ನ ಬೆರಳು ಒಂದು ಕ್ಷಣ ನಿಂತಿತು ಎಂದು ಬರೆದರೆ ನನಗೆ ಅನುಕೂಲ. ನಿಂತಿತ್ತು ಕೂಡ. 'ಹೋಗಿ ನೋಡಬೇಕಲ್ರಿ ನಿಮ್ಮ ರೂಲ್ ಪ್ರಕಾರ?' ಎಂದೆ.

'ಕಾಣ್ತೈತಲ್ಲೋ. ಕಣ್ಣಿಲ್ಲೇನು ನಿನಗ? ಬರಿ. ನಾನು ಹೇಳೀನಂತ ಹೆಸರು ಹಾಕಿ ಬರಿ.'

ಬರೆದೆ.

ಬಳಗದ ಮಟ್ಟಿಗೆ ಅದು ಮಾಮೂಲಿ ಸಂಭ್ರಮ. 'ಹೇಸಿಗಿ ಸಾಂಬಾರು, ಎರಡು ಪ್ಲೇಟ್ ಪಾರ್ಸಲ್' ಎಂದು ಒಬ್ಬ, 'ಥೂ, ಬಾಯಾಗ ನೀರು ಬಂತು' ಎಂದು ಇನ್ನೊಬ್ಬ. ಇವರಲ್ಲಿ ಒಬ್ಬನೂ ಆ ಹೆಂಗಸಿಗೆ ಕೇಡು ಬಯಸಿದವನಲ್ಲ. ಅವರಲ್ಲಿ ಅರ್ಧ ಜನ ಅವಳ ಇಡ್ಲಿ ತಿಂದು ಬೆಳೆದವರು. ಯಾರೂ ಏನನ್ನೂ ಬಯಸಿರಲಿಲ್ಲ, ಅದೇ ಬಳಗದ ವೈಶಿಷ್ಟ್ಯ. ಮರುದಿನ ಅವರು ಯಾವುದೋ ಕ್ರಿಕೆಟ್ಟಿಗನ ಕೂದಲಿಗೆ ಥೂ ಅನ್ನುತ್ತಿದ್ದರು.

ಆದರೆ ಯಾರೋ ಆ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು ಕಾನಹೊಸಹಳ್ಳಿಯ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರು. ಅಲ್ಲಿ ಬಸ್ಸಿಗೆ ನಿಂತವರಿಗೆ ಬಳಗದ ನಿಘಂಟು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇನ್‌ಸ್ಪೆಕ್ಟ್ರ ಹೆಸರು, ಮತ್ತು ಅವರು ಆ ಶಬ್ದವನ್ನು ಸುಮ್ಮನೆ ಆಡುವವರಲ್ಲ ಎಂಬುದು.

ಹತ್ತು ದಿನದ ಮೇಲೆ ಕಾಸಿಂ ನನ್ನ ಸೆಂಟರಿಗೆ ಬಂದ. ಹುಲಿಗೆಮ್ಮನ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಇನ್‌ಸ್ಪೆಕ್ಟ್ರ ಮುಂದೆ ಬಿಚ್ಚಿದ. ಗೋಡೆಯ ಸುಣ್ಣ ಇನ್ನೂ ಅದರ ಬೆನ್ನಿಗೆ ಹತ್ತಿತ್ತು.

'ಸಾಹೇಬ್ರ, ಇದು ನೀವು ಹೇಳಿದ್ದೇನ್ರಿ?'

'ಹೌದು. ಯಾಕ?'

'ಈ ಬಕೀಟು ನನ್ನ ಎಮ್ಮೀದ್ರಿ.'

ಇವರು ಕನ್ನಡಕ ಏರಿಸಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

'ಕಲಗಚ್ಚು ಐತ್ರಿ ಅದು. ಹುಲಿಗೆಮ್ಮಕ್ಕ ದಿನಾ ಮುಸುರಿ ನೀರು, ಉಳದ ಇಡ್ಲಿ ಅದರಾಗ ಹಾಕಿ ಇಡ್ತಾಳ. ನಾನು ಎಮ್ಮಿಗೆ ಒಯ್ತೀನಿ. ಇಲ್ಲಿ ನೋಡ್ರಿ.' ಕಾಸಿಂ ಗ್ರೀಸು ಹತ್ತಿದ ಬೆರಳನ್ನು ಚಿತ್ರದ ಮೂಲೆಯಲ್ಲಿಟ್ಟ. ಅಲ್ಲಿ ಕಪ್ಪಗೆ ಏನೋ ಇತ್ತು. ನಾವು ಅದನ್ನು ನೆರಳು ಎಂದುಕೊಂಡಿದ್ದೆವು. 'ಇದು ಅದರ ಕಾಲು.'

ನಮ್ಮ ಕಡೆ ಕಲಗಚ್ಚಿನ ಬಕೆಟ್ಟು ಇಲ್ಲದ ಮನೆ ಕಡಿಮೆ. ಅಡುಗೆಮನೆಯ ಹಿಂದೆ ಒಂದು ಹೆಜ್ಜೆ ಇಟ್ಟಿದ್ದರೆ ಎಂಥ ದಡ್ಡನಿಗೂ ತಿಳಿಯುತ್ತಿತ್ತು. ಅಡುಗೆಮನೆಗಳ ಹಿಂದೆಯೇ ಜೀವಮಾನ ಕಳೆದ ಮನುಷ್ಯನಿಗೆ ತಿಳಿಯಲಿಲ್ಲ, ಏಕೆಂದರೆ ಅವರು ಹೆಜ್ಜೆ ಇಡಲಿಲ್ಲ. ಕುರ್ಚಿ ಮೆತ್ತಗಿತ್ತು.

'ಅಂಗಡಿ ಹೆಂಗ ನಡದೈತಿ?' ಎಂದು ಕೇಳಿದರು.

'ನಡದಿಲ್ರಿ. ಅಕ್ಕ ಮುಂಜಾನಿ ಹಿಟ್ಟು ರುಬ್ಬತಾಳ, ಬೇಯಸ್ತಾಳ. ಮಧ್ಯಾಹ್ನ ಎಲ್ಲಾ ತಂದು ಅದೇ ಬಕೀಟಿಗೆ ಹಾಕ್ತಾಳ. ನನ್ನ ಎಮ್ಮಿ ಒಂದ ಗಿರಾಕಿ ಈಗ.' ಕಾಸಿಂ ಕಾಗದ ಮಡಿಚಿದ. 'ಈ ತಿಂಗಳು ನೋಡಿ ಬಾಗಿಲಾ ಹಾಕ್ತೀನಿ ಅನ್ಲಿಕತ್ಯಾಳ. ಹುಡುಗ್ರು ಅದು ನಗಚಾಟಿಕೆ ಅಂತಾರ. ಇರಬೌದು. ಆಕಿಗೆ ಯಾರೂ ನಕ್ಕದ್ದು ಕೇಳಿಸಿಲ್ರಿ.'

ಅವರು ಎದ್ದು ನಿಂತರು. ಎದೆಯ ಜೇಬಿನ ಕರವಸ್ತ್ರ ತೆಗೆದರು, ಸುಮ್ಮನೆ ನೋಡಿದರು, ಮತ್ತೆ ಮಡಿಚಿ ಇಟ್ಟರು. ಆಮೇಲೆ ನನಗೆ, 'ಬರಿ' ಎಂದರು. ಬರೆಸಿದ್ದು ಎರಡೇ ಸಾಲು. 'ನಾನು ಮುಚ್ಚಳ ತೆಗೆಯದೆ ಹೇಳಿದೆ. ಹೇಸಿಗಿ ಎಂಬುದು ನನಗೆ ಅನ್ವಯಿಸುತ್ತದೆ, ಆ ಅಂಗಡಿಗಲ್ಲ.'

ನಾನು ಒತ್ತಿದೆ. ಐದು ನಿಮಿಷದಲ್ಲಿ ಉತ್ತರ ಬಂತು. 'ಥೂ ಸಾಹೇಬ್ರ, ಹೊಲಸು ಡೈಲಾಗ್.' ಓ ಅಕ್ಷರಗಳ ಮೆರವಣಿಗೆ ಅದರ ಹಿಂದೆ ಹೊರಟಿತು. ಕೂಡ್ಲಿಗಿ ಕಿಂಗ್ ನಗುವ ಮುಖದ ಚಿತ್ರ ಹಾಕಿದ್ದ.

ಅವರು ಅದನ್ನು ಓದಿದರು. ಆ ಕುರ್ಚಿಯ ಮೇಲೆ ಮತ್ತೆಂದೂ ಕೂರಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕಾನಹೊಸಹಳ್ಳಿಗೆ ಹೋದರು. ನಾನು ಹೋಗಲಿಲ್ಲ, ಸೆಂಟರ್ ತೆರೆಯಬೇಕಿತ್ತು. ಮುಂದಿನದನ್ನು ಕಾಸಿಂ ಹೇಳಿದ್ದು. ಇವರು ನೇರ ಹೋಗಿ ಮುಂದಿನ ಬೆಂಚಿನ ಮೇಲೆ ಕೂತರಂತೆ. ಹುಲಿಗೆಮ್ಮ ಒಲೆಯ ಮುಂದಿನಿಂದ ಏಳದೆ ಕೇಳಿದಳಂತೆ.

'ಯಾರು, ಇನ್‌ಸ್ಪೆಕ್ಟ್ರಾ?'

'ಹೌದವ್ವಾ. ಎರಡು ಇಡ್ಲಿ ಕೊಡು.'

'ಹಂಗ ಕೊಡಂಗಿಲ್ಲ. ಮೊದ್ಲು ಎದ್ದು ಬಂದು ಎಲ್ಲಾ ಮುಚ್ಚಳ ತಗದು ನೋಡ್ರಿ. ಹಿಂದ ಬಕೀಟೂ ನೋಡ್ರಿ. ಎಮ್ಮೀನೂ ನೋಡ್ರಿ. ಆಮ್ಯಾಲ ಕುಂದುರ್ರಿ.'

ಅವರು ಎದ್ದು ಹೋಗಿ ಎಲ್ಲವನ್ನೂ ನೋಡಿದರಂತೆ. ಎಮ್ಮೆಯನ್ನೂ. ತಿರುಗಿ ಬಂದು, ಚೀಲದಿಂದ ಸ್ವಂತ ಲೋಟ ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವಳ ಲೋಟದಲ್ಲೇ ನೀರು ಕುಡಿದರಂತೆ. ಇದನ್ನು ಹೇಳುವಾಗ ಕಾಸಿಂನ ದನಿ ಇಳಿಯುತ್ತಿತ್ತು. ಅವರ ಲೋಟದ ಕಥೆ ಐದು ಊರಿಗೂ ಗೊತ್ತಿತ್ತು.

ಮೊದಲ ವಾರ ಆ ಬೆಂಚಿನ ಮೇಲೆ ಅವರೊಬ್ಬರೇ. ವಾರಕ್ಕೆ ಮೂರು ದಿನ ಹೋಗುತ್ತಿದ್ದರು, ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು, ಒಂದು ಇಡ್ಲಿ ತಿನ್ನಲು ಹದಿನೈದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಬಸ್ಸಿನಿಂದ ಇಳಿದವರು ನಿಂತು ನೋಡಿ ಹೋಗುವುದು. ಎರಡನೆಯ ವಾರ ಒಬ್ಬ ಲಾರಿ ಡ್ರೈವರ್ ಬಂದು ಪಕ್ಕದಲ್ಲಿ ಕೂತ. ಆಮೇಲೆ ಇಬ್ಬರು ಮೇಷ್ಟ್ರುಗಳು. ತಿಂಗಳ ಕೊನೆಗೆ ಹುಲಿಗೆಮ್ಮ ಬಾಗಿಲು ಹಾಕಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬೆಂಚು ತುಂಬಿ ಜನ ನಿಂತು ತಿನ್ನುವಂತಾದರೂ ಇವರು ಹೋಗುವುದನ್ನು ಬಿಡಲಿಲ್ಲ. 'ಸಾಕಲ್ರಿ ಇನ್ನ?' ಎಂದು ನಾನು ಕೇಳಿದ್ದಕ್ಕೆ, 'ಅದನ್ನ ಆಕಿ ಹೇಳಬೇಕು' ಎಂದರು. ಅವಳು ಹೇಳಲಿಲ್ಲ. ಕಾಲು ಬಾತು ಬಸ್ಸು ಹತ್ತಲಾಗದ ಕೊನೆಯ ತಿಂಗಳವರೆಗೂ ಹೋದರು.

ಈ ಬಗ್ಗೆ ಬಳಗದ ಪುಟದಲ್ಲಿ ಒಂದಕ್ಷರವೂ ಬರಲಿಲ್ಲ. ಇಡ್ಲಿ ತಿನ್ನುವ ಮುದುಕನಲ್ಲಿ ಫೋಟೋ ತೆಗೆಯುವಂಥದ್ದು ಏನಿದೆ?

ಅವರು ತೀರಿದ ಮೂರನೆಯ ದಿನ ನಾನು ಕಾನಹೊಸಹಳ್ಳಿಗೆ ಹೋದೆ. ಅಲ್ಲಿಯವರೆಗೆ ಆ ಅಂಗಡಿಗೆ ಕಾಲಿಟ್ಟವನಲ್ಲ. ಆ ಊರಿನ ಮೇಲೆ ಹಾದುಹೋಗುವಾಗ ಬಸ್ಸಿನಲ್ಲಿ ಆ ಕಡೆಯ ಕಿಟಕಿಗೂ ಕೂರುತ್ತಿರಲಿಲ್ಲ. ಅಂಗಡಿ ತುಂಬಿತ್ತು. ಮುಂದಿನ ಬೆಂಚಿನ ಒಂದು ತುದಿ ಮಾತ್ರ ಖಾಲಿ. ಜನ ನಿಂತು ತಿನ್ನುತ್ತಿದ್ದರು, ಅಲ್ಲಿ ಕೂರುತ್ತಿರಲಿಲ್ಲ.

ಹುಲಿಗೆಮ್ಮನಿಗೆ ಸುದ್ದಿ ಹೇಳಿದೆ. 'ಕಾಸಿಂ ಹೇಳ್ಯಾನ' ಎಂದಳು. ತಟ್ಟೆಗೆ ಹಿಟ್ಟು ಸುರಿಯುವುದನ್ನು ನಿಲ್ಲಿಸಲಿಲ್ಲ. ತಟ್ಟೆ ತುಂಬಿದ ಮೇಲೆ ತಲೆ ಎತ್ತಿದಳು.

'ಕೊಟ್ಟೂರಾಗ ಮಿಷನ್ ಇಟ್ಟವ್ರು ನೀವ ಏನು? ಅದನ್ನ ಬರದವ್ರು?'

'ಹೌದವ್ವಾ. ಅವರು ಹೇಳಿದ್ರು, ನಾನು ಬರದೆ.'

'ಹೇಳಿದವ್ರು ಬಂದು ಹೋದ್ರು' ಎಂದಳು. 'ಬರದವ್ರು ಈಗ ಬಂದ್ರಿ.'

ನಾನು ಹೋಗಿ ಕೂರಲು ತಿರುಗಿದೆ. ಹಿಂದಿನಿಂದ ಅವಳ ದನಿ ಬಂತು. 'ಎಲ್ಲಿಗೆ? ಮೊದ್ಲು ಮುಚ್ಚಳ ತಗೀರಿ.'

ಒಲೆಯ ಹತ್ತಿರ ಹೋಗಿ ಮೊದಲನೆಯ ಮುಚ್ಚಳ ಎತ್ತಿದೆ. ಹಬೆ ಬಂದು ಕನ್ನಡಕ ಮುಚ್ಚಿಹೋಯಿತು, ಏನೂ ಕಾಣಲಿಲ್ಲ. ಸರಿ ಐತಿ ಎಂದು ಮುಚ್ಚಿಬಿಡಬಹುದಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದೆ. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ. ಹಿಂದಕ್ಕೆ ಹೋಗಿ ಬಕೆಟ್ಟನ್ನೂ ಎಮ್ಮೆಯನ್ನೂ ನೋಡಿದೆ. ಆಮೇಲೆ ಬಂದು ಬೆಂಚಿನ ಆ ಖಾಲಿ ತುದಿಯ ಮೇಲೆ, ರಸ್ತೆಗೆ ಮುಖ ಮಾಡಿ ಕೂತೆ.